ಶನಿವಾರದ ಬ್ಯಾಂಡ್‌ಗೆ 'ಚಲೋ ಹಾಡು' ಕಲಿಸ್ಬೇಕೋ, ಅವ್ರು ಬಾರಿಸೂದನ್ನ ಬಾರಿಸಾಕ ಬಿಡಬೇಕೋ?

ಕೆರಿದಂಡಿ_ಉಣಕಲ್

ಎಲ್ಲಾರಿಗೂ ನಮಸ್ಕಾರ್ರಿ. ಪೋಸ್ಟು ಸ್ವಲ್ಪ ಉದ್ದ ಐತಿ, ಪೂರಾ ಓದಿ ಹೇಳ್ರಿ, ಸಂಗೀತ ಗೊತ್ತಿದ್ದವ್ರು ಭಾಳ ಮಂದಿ ಅದೀರಿ ಇಲ್ಲೆ.

ಹುಬ್ಬಳ್ಳಿ ಉಣಕಲ್ ಕಡೆ ಒಂದು ಹಳೇ ಗೋಡೌನ್ ಐತ್ರಿ, ಮೊದಲ ಹತ್ತಿ ಇಡ್ತಿದ್ರು, ಈಗ ಮಾಲಕರು ಬಾಡಿಗಿ ತಗೊಳ್ದ ಶನಿವಾರ ನಮಗ ಬಿಟ್ಟುಕೊಡ್ತಾರ. ಎರಡು ವರ್ಷ ಆತು, ಪ್ರತಿ ಶನಿವಾರ 3 ರಿಂದ 6 ರ ತನಕ ಅಲ್ಲೆ ಸಂಗೀತ ನಡಸ್ತೀವಿ. ಯಾರ ಬೇಕಾದ್ರೂ ಬರಬಹುದು, ಪರೀಕ್ಷಾ ಇಲ್ಲ, ಫೀ ಇಲ್ಲ. ಕಣ್ಣು ಕಾಣಲಾರದ ಒಬ್ರು ಅಕ್ಕಾರು ಹಾರ್ಮೋನಿಯಂ ಬಾರಸ್ತಾರ, ಭಜನಿ ಮ್ಯಾಳದಾಗ ಬೆಳೆದವ್ರು. ಡೌನ್ ಸಿಂಡ್ರೋಮ್ ಇದ್ದ ಮೂರು ಹುಡುಗ್ರು, ಆಟಿಸಂ ಇದ್ದ ಇಬ್ರು, ಕಿವಿ ಕೇಳಲಾರದ ಒಬ್ಬಾಕಿ ಹುಡುಗಿ, ಗಾಲಿಕುರ್ಚಿ ಮ್ಯಾಲ ಬರೂ ಒಬ್ಬ ಹುಡುಗ, ಅವನಿಗೆ ಸೆರೆಬ್ರಲ್ ಪಾಲ್ಸಿ. ಆಮ್ಯಾಲ ಅಂಥಾ ತೊಂದ್ರಿ ಏನೂ ಇಲ್ಲದ ನಮ್ಮಂಥವ್ರೂ ಅದೀವಿ, ಆಟೋ ಓಡಸೂ ಅಣ್ಣಾರೊಬ್ರು ದಿಮ್ಮು ತರ್ತಾರ, ಇಂಜಿನಿಯರಿಂಗ್ ಓದೂ ಇಬ್ರು ಗಿಟಾರ್ ತರ್ತಾರ.

ಮೊದಲ ಆರು ತಿಂಗಳು ನಾವು ಮಾಡಿದ್ದು ತಪ್ಪು. ಎಲ್ಲಾರಿಗೂ ಒಂದ ಭಜನಿ ಕಲಿಸಾಕ ಹೋದ್ವಿ. ಗಾಲಿಕುರ್ಚಿ ಹುಡುಗನ ಮುಂದ ಜಗ್ಗಲಿಗಿ ಇಟ್ಟಿದ್ವಿ, ಹೋಳಿ ಹುಣ್ಣಿಮ್ಯಾಗ ನಮ್ಮ ಓಣ್ಯಾಗ ಬಾರಸ್ತಾರಲ್ಲ ಅದ, ಚಕ್ಕಡಿ ಗಾಲಿ ಬಳಿಗೆ ಎಮ್ಮಿ ಚರ್ಮ ಬಿಗಿದದ್ದು. ಅವ ಬಡಿಗಿ ಎತ್ತಬೇಕಂದ್ರ ಮೊದಲ ಹೆಗಲು ಬಿಗೀತೈತಿ, ಆಮ್ಯಾಲ ಮೊಣಕೈ, ಆಮ್ಯಾಲ ಕೈ ಒಮ್ಮೆಲೆ ಬಿಡ್ತೈತಿ. ನಾವು ಒಂದು ಎರಡು ಮೂರು ನಾಕು ಅಂತ ಎಣಸ್ಕೋತ ಹೋಗ್ತಿದ್ವಿ, ಅವನ ಪೆಟ್ಟು ಬೀಳೂದ್ರಾಗ ನಾವು ಮುಂದಿನ ಸಾಲಿನ್ಯಾಗ ಇರ್ತಿದ್ವಿ. ಪ್ರತಿ ಸಲ ಅವ ನಮ್ಮ ಮಾರಿ ನೋಡ್ತಿದ್ದ, ತಪ್ಪಾತೇನು ಅನ್ನೂ ಹಂಗ. ಆ ನೋಟ ನಾ ಇನ್ನೂ ಮರ್ತಿಲ್ಲ.

ಒಂದಿನ ಹಾರ್ಮೋನಿಯಂ ಅಕ್ಕಾರು ಹಾಡು ಅರ್ಧಕ್ಕ ನಿಲ್ಲಿಸಿಬಿಟ್ರು. "ಅವನ ಉಸುರು ಕೇಳ್ರಿ, ಬಡಿಯೂಕಿಂತ ಮೊದಲ ಅವ ಉಸುರು ಎಳ್ಕೋತಾನ" ಅಂದ್ರು. ಎರಡು ಕಣ್ಣಿದ್ದ ನಮಗ ಯಾರಿಗೂ ಅದು ತಿಳಿದಿದ್ದಿಲ್ಲ. ಅವ್ರು ಒಂದ ಸುರ ಹಿಡಿದು ತಿದಿ ಒತ್ಕೋತ ಕೂತ್ರು, ಅವನ ಉಸುರು ಕೇಳಿದ ಕೂಡ್ಲೆ ಬೆರಳು ತಯಾರು ಮಾಡ್ಕೊಂಡ್ರು, ಪೆಟ್ಟು ಬಿದ್ದ ಕೂಡ್ಲೆ ಮುಂದಿನ ಸುರಕ್ಕ ಹೋದ್ರು. ಒಮ್ಮೆ ಆರು ಎಣಿಕಿಗೆ ಬಂತು ಪೆಟ್ಟು, ಒಮ್ಮೆ ಹನ್ನೊಂದಕ್ಕ, ಒಮ್ಮೆ ಇಪ್ಪತ್ತು ಸೆಕೆಂಡಿನ ಮ್ಯಾಲ ಆತು. ಯಾರೂ ಎಣಸೂದು ಬಿಟ್ರು. ಗಿಟಾರ್ ಹುಡುಗ್ರು ತಂಬೂರಿ ಹಂಗ ಒಂದ ತಂತಿ ಮೀಟ್ಕೋತ ಕೂತ್ರು. 40 ನಿಮಿಷ ಹಂಗ ಬಾರಿಸಿದ್ವಿ. ಸಂಜೀಕ ಅವ್ರಪ್ಪ ಕರ್ಕೊಂಡು ಹೋಗಾಕ ಬಂದ್ರ ಹುಡುಗ ಬಡಿಗಿ ಬಿಡವಲ್ಲ, ಹಿಡ್ಕೊಂಡ ಮನಿಗೆ ಹೋದ.

ಅಲ್ಲಿಂದ ಎರಡು ಬ್ಯಾಂಡ್ ಹುಟ್ಟಿದವು. ಒಂದು ಈ ಜಗ್ಗಲಿಗಿ-ಹಾರ್ಮೋನಿಯಂದು, ಸಾವಕಾಶದ್ದು. ಇನ್ನೊಂದು ಭಾರಿ ಗದ್ದಲದ್ದು, ಆಟಿಸಂ ಇದ್ದ ಒಬ್ಬ ಹುಡುಗನ ಸುತ್ತ ಕಟ್ಟಿದ್ದು. ಅವನಿಗೆ ರೇಲ್ವೆ ಅಂದ್ರ ಜೀವ. ಹುಬ್ಬಳ್ಳಿ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಾಗೂ ಗಾಡಿ ನಂಬರ್ ಸಮೇತ ಹೇಳ್ತಾನ, ನಮ್ಮ ಪ್ಲಾಟ್‌ಫಾರಂ 1507 ಮೀಟರ್ ಐತಿ, ಜಗತ್ತಿನ್ಯಾಗ ಉದ್ದಂದು ಅಂತ ನಡುನಡುವ ಹಾಕ್ತಾನ. ಆ ಮಾತನ್ನ ಮೊಬೈಲ್‌ನ್ಯಾಗ ರೆಕಾರ್ಡ್ ಮಾಡಿ ತುಣುಕು ತುಣುಕು ಲೂಪ್ ಮಾಡ್ತಾರ, ಅದರ ಮ್ಯಾಲ ಅವ ಮತ್ತ ಹೇಳ್ತಾನ, ಕಿವಿ ಕೇಳಲಾರದ ಹುಡುಗಿ ಸ್ಟೀಲ್ ಪರಾತ ಬಡೀತಾಳ.

ಈಗ ಪ್ರಶ್ನಿ. ಮುಂದಿನ ತಿಂಗಳು ಒಂದು ಕಡೆ ಬಾರಿಸಾಕ ಕರದಾರ. ಅವ್ರು ಹೇಳೂದು, ಐದು ನಿಮಿಷ, ಮಂದಿಗೆ ಗೊತ್ತಿದ್ದ ಒಂದು ಸಿನಿಮಾ ಹಾಡು ಇಲ್ಲಾ ವಚನ. ಕೆಲವು ತಂದಿ-ತಾಯಿಗೂ ಅದ ಬೇಕಾಗೇತಿ. ನನಗ ಒಪ್ಪಿಗಿಲ್ಲ. ನೀವೇನಂತೀರಿ?

ಗದಗ_ತಬಲಾ

ಅಕ್ಕಾರ, ನಿಮ್ಮ ಕೆಲಸಕ್ಕ ಮೊದಲ ಕೈಮುಗೀತೀನಿ. ಆದ್ರ ಒಂದು ಮಾತು ಹೇಳಬೇಕು, ತಪ್ಪು ತಿಳ್ಕೋಬ್ಯಾಡ್ರಿ.

ನಾ ಗದಗದಾಂವ. ವೀರೇಶ್ವರ ಪುಣ್ಯಾಶ್ರಮದ ಊರು ಇದು. ಪಂಚಾಕ್ಷರಿ ಗವಾಯಿಗಳು ಹುಟ್ಟುಗುರುಡ್ರು, ಹಿಂದೂಸ್ತಾನಿ ಕರ್ನಾಟಕಿ ಎರಡೂ ಅರಗಿಸ್ಕೊಂಡು ಉಭಯ ಗಾನ ವಿಶಾರದ ಅನ್ನಿಸ್ಕೊಂಡ್ರು. ಪುಟ್ಟರಾಜ ಗವಾಯಿಗಳಿಗೆ ಕೂಸಿದ್ದಾಗ ದೃಷ್ಟಿ ಹೋತು, ಹಾಡೂದು ಇರಲಿ, ಹಾರ್ಮೋನಿಯಂ, ತಬಲಾ, ಸಾರಂಗಿ, ವಯಲಿನ್ ಎಲ್ಲಾ ನುಡಿಸಿದ್ರು, 2010 ರಾಗ ಪದ್ಮಭೂಷಣ ಬಂತು, ಅದ ವರ್ಷ ಲಿಂಗೈಕ್ಯರಾದ್ರು. ಅಲ್ಲಿ ಕಣ್ಣಿಲ್ಲದ ಹುಡುಗ್ರಿಗೆ ಯಾರೂ "ನಿಮಗ ಬಂದಂಗ ಹಾಡ್ರಿ" ಅಂದಿಲ್ಲ. ಮುಂಜಾನಿ ಎದ್ದು ಖರ್ಜ ಸಾಧನಾ (ಕೆಳಗಿನ ಸುರದ ಅಭ್ಯಾಸ) ಮಾಡಸ್ತಾರ, ತಪ್ಪಿದ್ರ ತಿದ್ದತಾರ. ಹಂಗ ತಿದ್ದಿದ್ದಕ್ಕ ಮಂದಿ ಅವ್ರನ್ನ ಪಾಪ ಅಂತಲ್ಲ, ಕಲಾವಿದ್ರು ಅಂತ ಕೇಳ್ತಾರ.

ನೀವು ಲಯ ಇಲ್ಲದ್ದಕ್ಕ ಪ್ರಯೋಗ ಅಂತ ಹೆಸರಿಟ್ರ ಆ ಹುಡುಗನಿಗೆ ಅನ್ಯಾಯ ಮಾಡಿದಂಗ ಆಗೂದಿಲ್ಲೇನು? ಅವನ ಕಡೆ ಆಗೂದಿಲ್ಲ ಅಂತ ನಾವ ಮೊದಲ ತೀರ್ಮಾನ ಮಾಡಿದಂಗ ಅಲ್ಲೇನ್ರಿ?

ಕೆರಿದಂಡಿ_ಉಣಕಲ್

ಸರ್, ನೀವು ಹೇಳಿದ್ದು ನನ್ನ ಎದಿಗೆ ನಾಟ್ತು, ಎರಡು ದಿನ ವಿಚಾರ ಮಾಡಿ ಬರೀತಿದೀನಿ.

ಪುಣ್ಯಾಶ್ರಮದ ಮಾತು ನೂರಕ್ಕ ನೂರು ಖರೆ. ನಮ್ಮ ಹಾರ್ಮೋನಿಯಂ ಅಕ್ಕಾರಿಗೆ ಯಾರರ "ನಿಮಗ ಬಂದಷ್ಟ ಸಾಕು" ಅಂದ್ರ ಅವ್ರು ಪೆಟ್ಟಿಗಿ ಮುಚ್ಚಿ ಎದ್ದು ಹೋಗ್ತಾರ. ಆದ್ರ ಸರ್, ಕಣ್ಣಿಲ್ಲದವ್ರ ಬೆರಳು ಅವ್ರು ಹೇಳಿದಂಗ ಕೇಳ್ತಾವು. ನಮ್ಮ ಹುಡುಗಂದು ಹಂಗಲ್ಲ, ಅವನ ಮನಸ್ಸಿನ್ಯಾಗ ಪೆಟ್ಟು ಬಿದ್ದು ಎಷ್ಟೋ ಹೊತ್ತಾಗಿರ್ತೈತಿ, ಕೈ ಆಮ್ಯಾಲ ಬರ್ತೈತಿ. ಅದನ್ನ ಸಾಧನಾ ಮಾಡಿ ಹದಿನಾರು ಮಾತ್ರೆಯ ತೀನತಾಲಕ್ಕ ತರ್ತೀನಿ ಅಂದ್ರ ಹತ್ತು ವರ್ಷ ಅವನಿಗೆ "ತಪ್ಪು ತಪ್ಪು" ಅಂತ ಹೇಳೂದ ಆಗ್ತೈತಿ.

ಇನ್ನೊಂದು. ಪಂಚಾಕ್ಷರಿ ಗವಾಯಿಗಳು ನಾಟಕ ಕಂಪನಿ ಕಟ್ಟಿ, ಅಂಧ ಕಲಾವಿದ್ರನ್ನ ಕರ್ಕೊಂಡು ಊರೂರು ತಿರುಗಿ ಆ ಸಂಸಾರ ಸಾಕಿದ್ರಲ್ರಿ, ಕಣ್ಣಿಲ್ಲದವ್ರು ರಂಗದ ಮ್ಯಾಲ ಪಾತ್ರ ಮಾಡೂದು ಅವತ್ತಿನ ಕಾಲಕ್ಕ ಎಷ್ಟು ದೊಡ್ಡ ಪ್ರಯೋಗ ಇದ್ದಿರಬೇಕು. ಅವ್ರ ಕೆಲಸದಾಗ ಶಿಸ್ತೂ ಐತಿ, ಧೈರ್ಯಾನೂ ಐತಿ, ನಾವು ಧೈರ್ಯದ ಕಡೆಯಿಂದ ಹಿಡಕೊಂಡೀವಿ.

ಗಂಗೂಬಾಯಿ ಹಾನಗಲ್ ಅವ್ರ ದನಿ ನೆನಸ್ರಿ. ಗಂಟಲದ ಆಪರೇಷನ್ ಆದ್ಮ್ಯಾಲ ದನಿ ದಪ್ಪ ಆತು, ಗಂಡುದನಿ ಹಂಗ ಆತು. ಹಳೇ ತೆಳು ದನಿ ವಾಪಸ್ ತರ್ತೀನಿ ಅಂತ ಅವ್ರು ಕೂಡಲಿಲ್ಲ, ಇದ್ದ ದನಿಯೊಳಗ ಹಾಡಿದ್ರು, ಅದ ದನಿ ಹುಬ್ಬಳ್ಳಿ ಹೆಸರಾತು. ಕುಮಾರ ಗಂಧರ್ವರಿಗೆ ಕ್ಷಯ ಆಗಿ ಒಂದು ಪುಪ್ಪುಸ ಕೈಕೊಟ್ತು, ವರ್ಷಗಟ್ಲೆ ಹಾಡೂದು ಬಂದ್, ತಿರುಗಿ ಬಂದಾಗ ಸಣ್ಣ ಸಣ್ಣ ಉಸುರಿನ ತುಣುಕಿನ್ಯಾಗ ಹಾಡಿ ಹೊಸಾ ದಾರಿ ತೆಗದ್ರು. ದೇಹ ಹೆಂಗೈತೋ ಹಂಗ ಸಂಗೀತ ಬೆಳದದ್ದು ನಮ್ಮ ಸೀಮಿಗೆ ಹೊಸದಲ್ರಿ.

ಗದಗ_ತಬಲಾ

ಗಂಗೂಬಾಯಿಯವ್ರು ಆ ದಪ್ಪ ದನಿಯೊಳಗ ತಮ್ಮ ಗಾಯನ ಪರಂಪರೆ ಕಿರಾಣಾ ಘರಾಣೆಯ ಒಂದೊಂದು ಸುರ ಎಷ್ಟು ಖಚಿತ ಹಚ್ಚತಿದ್ರು ಅನ್ನೂದೂ ನೆನಪಿರಲಿ ಅಕ್ಕಾರ. ಆದ್ರ ನೀವು ಹೇಳಿದ್ದರಾಗ ಒಂದು ವಿಚಾರ ನನ್ನ ತಲ್ಯಾಗ ಕುಂತೈತಿ. ಆಲಾಪದಾಗ ತಾಳ ಇರೂದಿಲ್ಲ, ಅಲ್ಲೂ ಲಯ ಇರ್ತೈತಿ. ತತ್ವಪದ ಹಾಡೂ ಅಜ್ಜಾರು ಸಾಲು ಎಳದ್ರ ದಮ್ಮಡಿ ಬಾರಸಾಂವ ಕಾಯ್ತಾನ, ಎಣಿಕಿ ಕೇಳೂದಿಲ್ಲ. ಒಮ್ಮೆ ಬಂದು ಕೇಳ್ತೀನಿ. ಕೇಳದ ಮಾತಾಡೂದು ತಪ್ಪಾಗ್ತೈತಿ.

ಸೌಂಡ್_ಸರ್ವಿಸ್_ಹುಬ್ಬಳ್ಳಿ

ನಾ ಮದ್ವಿ, ಜಾತ್ರಿ, ಗಣೇಶ ಹಬ್ಬಕ್ಕ ಸೌಂಡ್ ಹಾಕಾಂವ, ಹದಿನೈದು ವರ್ಷ ಆತು. ಈ ಬ್ಯಾಂಡಿಗೆ ಆಗಾಗ ಹೋಗ್ತಿರ್ತೀನಿ, ಆದ್ದರಿಂದ ಕೆಲಸದ ಮಾತು ಹೇಳ್ತೀನಿ, ಬ್ಯಾರೆ ಊರಿನ್ಯಾಗ ಯಾರರ ಇಂಥಾದ್ದು ಮಾಡೂದಿದ್ರ ಉಪಯೋಗ ಆಗಲಿ.

ಮೊದಲನೇದು ಕಾಂಟ್ಯಾಕ್ಟ್ ಮೈಕ್. ಪೀಜೋ ಡಿಸ್ಕ್ ಅಂತ ಬರ್ತೈತಿ, ಹಿತ್ತಾಳಿ ಬಿಲ್ಲಿ ಹಂಗ, 27 ಎಂಎಂ, ಎಲೆಕ್ಟ್ರಾನಿಕ್ಸ್ ಅಂಗಡ್ಯಾಗ ಹತ್ತಿಪ್ಪತ್ತು ರೂಪಾಯಿಗೆ ಸಿಗ್ತೈತಿ. ಅದಕ್ಕ ಶೀಲ್ಡ್ ವೈರ್ ಬೆಸುಗಿ ಹಾಕಿ ಜ್ಯಾಕ್ ಹಚ್ಚಬೇಕು, ಬಿಳಿ ಭಾಗಕ್ಕ ಬೆಸುಗಿ ಹಾಕೂ ಬಿಸಿ ಕಡ್ಡಿ (ಸೋಲ್ಡರಿಂಗ್ ಐರನ್) ಭಾಳ ಹೊತ್ತು ಹಿಡಿಬಾರದು, ಸುಟ್ಟು ಹೋಗ್ತೈತಿ. ಮಾಮೂಲಿ ಮೈಕ್ ಗಾಳ್ಯಾಗಿನ ಸಪ್ಪಳ ಹಿಡಿತೈತಿ, ಇದು ವಸ್ತುವಿನ ನಡುಗು ಹಿಡಿತೈತಿ. ಅಂದ್ರ ಕೈಯಾಗ ಜೋರಿಲ್ಲದ ಹುಡುಗ ಬರೇ ಉಗುರಿಲೆ ಕೆರೆದ್ರೂ ಜಗ್ಗಲಿಗಿ ಗುಡುಗಿದಂಗ ಕೇಳಸಬಹುದು. ಮೊದಲ ಸಲ ಹಚ್ಚಿದಾಗ ಆ ಗಾಲಿಕುರ್ಚಿ ತಮ್ಮ ಬಡಿಗಿ ಬಿಟ್ಟು ಚರ್ಮದ ಮ್ಯಾಲ ಅಂಗೈ ಸವರಿದ, ಗೋಡೌನ್ ತುಂಬ ಮಳಿ ಬಂದಂಗ ಆತು. ಎಲ್ಲಾರೂ ಸುಮ್ಮನಾದ್ರು. ಅವ ಮತ್ತ ಸವರಿದ.

ನೇರ ಮಿಕ್ಸರ್‌ಗೆ ಹಾಕಿದ್ರ ದನಿ ತೆಳು ತಗಡು ಬಡದಂಗ ಬರ್ತೈತಿ, ನಡುವ ಒಂದು ಪ್ರಿಆಂಪ್ ಬೇಕು, ಸಣ್ಣ ಸಿಗ್ನಲ್ ಜೋರು ಮಾಡೂ ಡಬ್ಬಿ, ಗಿಟಾರ್ ಪೆಡಲ್‌ನ ಇನ್‌ಪುಟ್ ಆದ್ರೂ ನಡೀತೈತಿ. ಮಳಿಗಾಲದಾಗ ಚರ್ಮ ಸಡಿಲ ಆಗ್ತೈತಿ, ಬಾರಿಸೂಕಿಂತ ಮೊದಲ ಕಾಸಬೇಕು, ಕಾಸಿದ್ಮ್ಯಾಲ ಪೀಜೋ ಹಚ್ಚಬೇಕು.

ಎರಡನೇದು ಸೌಂಡ್ ಎಷ್ಟು ಇಡಬೇಕು ಅನ್ನೂದು. ಆಟಿಸಂ ಇದ್ದ ಕೆಲವ್ರಿಗೆ ಹೈ ಸೌಂಡ್ ಅಂದ್ರ ಮೈಗೆ ಚುಚ್ಚಿದಂಗ. ನಮ್ಮ ಲೈನಿನ್ಯಾಗ ಸೌಂಡ್ ಜೋರಿದ್ರ ಗಿರಾಕಿ ಖುಷಿ, ಇಲ್ಲಿ ಉಲ್ಟಾ. ನಾ ಸ್ಪೀಕರ್ ಎತ್ತರಕ್ಕ ಇಡೂದಿಲ್ಲ, ಕಿವಿಗೆ ಹಾಕೂ ದೊಡ್ಡ ಹೆಡ್‌ಫೋನ್ ಹಂಗಿನ ಮುಚ್ಚಳ ನಾಕು ಜೋಡಿ ಒಯ್ದಿರ್ತೀನಿ, ಬಾಗಲ ತೆರೆದ ಇರ್ತೈತಿ, ಯಾರಿಗೆ ಸಾಕನಸ್ತೋ ಹೊರಗ ಹೋಗಿ ಬೇವಿನ ಗಿಡದ ಕೆಳಗ ಕೂತು ಬರ್ತಾರ. ಯಾರೂ ಕೇಳೂದಿಲ್ಲ ಯಾಕ ಹೋದಿ ಅಂತ.

ಸರಸ್ವತಿಪುರಂ_ಹುಡುಗಿ

ನಾನು ಮೈಸೂರು ಕಡೆಯವಳು, ಈಗ ಧಾರವಾಡದಲ್ಲಿ ಓದ್ತಾ ಇದೀನಿ. ಒಂದು ಪ್ರಶ್ನೆ, ಕಿವಿ ಕೇಳದ ಹುಡುಗಿ ಬ್ಯಾಂಡಲ್ಲಿ ಹೇಗೆ ಬಾರಿಸ್ತಾಳೆ? ಎಲ್ಲಿ ಶುರು ಮಾಡ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ಅವಳಿಗೆ ಹೇಗೆ ಗೊತ್ತಾಗತ್ತೆ? ನನ್ನ ತಂಗಿಗೂ ಕಿವಿ ಕೇಳಲ್ಲ, ಅದಕ್ಕೇ ಕೇಳ್ತಾ ಇದೀನಿ.

ಸೌಂಡ್_ಸರ್ವಿಸ್_ಹುಬ್ಬಳ್ಳಿ

ಭಾಳ ಚಲೋ ಕೇಳಿದ್ರಿ ತಂಗಿ. ದಪ್ಪ ಪ್ಲೈವುಡ್ ಹಲಗಿ ಕೆಳಗ ಇಟ್ಟಂಗಿಲೆ ಎತ್ತರಿಸಿ ನಡುವ ಒಂದು ವೂಫರ್ ಮಲಗಿಸೀವಿ. ಆಕಿ ಬರಿಗಾಲಿಲೆ ಆ ಹಲಗಿ ಮ್ಯಾಲ ನಿಂದರ್ತಾಳ. ದಿಮ್ಮಿನ ಸಪ್ಪಳ ಆಕಿ ಅಂಗಾಲಿನಿಂದ ಮೊಣಕಾಲ ತನಕ ಬರ್ತೈತಿ, ಸ್ಟೇಷನ್ ಹುಡುಗನ ದನಿ ಆದ್ರ ಬರೇ ಅಂಗಾಲಿನ ನಡುವ ಜುಮ್ ಅಂತೈತಿ, ಇದನ್ನ ಆಕಿನ ಕೈಸನ್ನಿಲೆ ತೋರಿಸಿ ಹೇಳಿದ್ದು. ಸ್ಕಾಟ್ಲಂಡಿನ ಎವೆಲಿನ್ ಗ್ಲೆನ್ನಿ ಅನ್ನೂ ಡ್ರಮ್ ಕಲಾವಿದೆ ಹೆಸರು ನೀವು ಕೇಳಿರಬಹುದು, ಹನ್ನೆರಡನೇ ವಯಸ್ಸಿಗೆ ಕಿವಿ ಹೆಚ್ಚುಕಡಿಮಿ ಪೂರಾ ಹೋಗಿತ್ತು, ಅವ್ರೂ ಬರಿಗಾಲಿಲೆ ಬಾರಸ್ತಾರ, ಮೈಯೆಲ್ಲಾ ಕಿವಿ ಮಾಡ್ಕೊಂಡವ್ರು.

ಶುರು ಮಾಡೂದಕ್ಕ, ನಿಲ್ಲಿಸೂದಕ್ಕ ಒಂದು ಕೆಂಪು ಜೀರೋ ಬಲ್ಬ್ ಐತಿ. ತಂಗಿನ್ನ ಕರ್ಕೊಂಡು ಬರ್ರಿ.

ಕೆರಿದಂಡಿ_ಉಣಕಲ್

ಬಲ್ಬಿನ ಸುದ್ದಿ ಬಂತಲ್ಲ, ಅದನ್ನ ಪೂರಾ ಹೇಳ್ತೀನಿ. ಅಮೆರಿಕಾದಾಗ ವಾಲ್ಟರ್ ಥಾಂಪ್ಸನ್ ಅನ್ನವ್ರು 1974 ರಾಗ ಸೌಂಡ್‌ಪೇಂಟಿಂಗ್ ಅಂತ ಶುರು ಮಾಡಿದ್ರು, ಮುಂದ ನಿಂತವ್ರು ಕೈಸನ್ನಿ ಮಾಡ್ತಾರ, ಬಾರಸಾವ್ರು ಅದನ್ನ ನೋಡಿ ಅಲ್ಲೇ ಸಂಗೀತ ಕಟ್ತಾರ. ಚಲೋ ಐತಿ ಅಂತ ನಾವು ಐದಾರು ಸನ್ನಿ ಕಲ್ತು ಶುರು ಮಾಡಿದ್ವಿ. ಹಾರ್ಮೋನಿಯಂ ಅಕ್ಕಾರು ಕೇಳಿದ್ರು, "ನನಗ ಹೆಂಗ ಕಾಣಸ್ತೈತ್ರಿ ಅದು?"

ಎಲ್ಲಾರೂ ಒಳಗ ಬರ್ರಿ ಅಂತ ಬಾಗಲಾ ತೆರದು, ಒಳಗ ಬಂದವ್ರಿಗೆ ಕಾಣಲಾರದ ಸನ್ನಿ ಕಲಸ್ತಿದ್ವಿ. ಆಮ್ಯಾಲ ಎಲ್ಲಾರೂ ಕೂತು ನಮ್ಮವ ಸನ್ನಿ ಮಾಡ್ಕೊಂಡ್ವಿ. ಬೆನ್ನ ಮ್ಯಾಲ ಅಂಗೈ ಇಟ್ರ ಹಿಡಿದ ಸುರ ಬಿಡಬ್ಯಾಡ್ರಿ ಅಂತ. ಹೆಗಲಿಗೆ ಎರಡು ಸಲ ತಟ್ಟಿದ್ರ ನಿಲ್ಲಸ್ರಿ. ಬಲ್ಬ್ ಹತ್ತಿದ್ರ ಎಲ್ಲಾರೂ. ಬಲ್ಬಿನ ಸ್ವಿಚ್ ಮೊದಲ ನನ್ನ ಕಡೆ ಇತ್ತು, ಈಗ ಡೌನ್ ಸಿಂಡ್ರೋಮ್ ಇದ್ದ ಒಬ್ಬ ತಮ್ಮನ ಕಡೆ ಐತಿ, ಅವ ನಮ್ಮೆಲ್ಲಾರಕಿಂತ ತಾಳ್ಮಿಲೆ ಹಚ್ತಾನ, ಆರಸ್ತಾನ. ಕೆಲವೊಮ್ಮೆ ಮೂರು ನಿಮಿಷ ಕತ್ತಲಾಗ ಇಡ್ತಾನ ನಮ್ಮನ್ನ.

ಶಿಗ್ಗಾಂವಿ_ಅವ್ವ

ಅಕ್ಕಾರ ನಾ ಬರೀಬೇಕೋ ಬ್ಯಾಡೋ ಅಂತ ನಾಕು ದಿನ ಯೋಚ್ನಿ ಮಾಡೀನಿ. ಚಲೋ ಹಾಡು ಕಲಸ್ರಿ ಅಂತ ಕೇಳಿದವ್ರೊಳಗ ನಾನೂ ಒಬ್ಬಾಕಿ.

ನನ್ನ ಮಗನಿಗೆ 24. ಡೌನ್ ಸಿಂಡ್ರೋಮ್ ಐತಿ. ಶಿಗ್ಗಾಂವಿಯಿಂದ ಬಸ್ ಹಿಡಿದು ಹುಬ್ಬಳ್ಳಿಗೆ ಬಂದು ಮತ್ತ ಸಿಟಿ ಬಸ್ ಹತ್ತಿ ಉಣಕಲ್ಲಿಗೆ ಬರ್ತೀವಿ, ಹೋಗಿಬರೂದ್ರಾಗ ದಿನಾನ ಹೋಗ್ತೈತಿ. ನಮ್ಮ ಮಂದಿ ಕೇಳ್ತಾರ, ಏನ್ ಕಲ್ತಾನವ್ವ ನಿನ್ನ ಮಗ ಅಂತ. ಒಂದು ಸಿನಿಮಾ ಹಾಡು ಹಾಡಿ ತೋರಿಸಿದ್ರ ಅವ್ರಿಗೆ ತಿಳೀತೈತಿ. ಮೊನ್ನೆ ನಮ್ಮ ಮೈದುನನ ಮಗಳ ಮದ್ವ್ಯಾಗ ಎಲ್ಲಾ ಹುಡುಗ್ರು ಸ್ಟೇಜ್ ಹತ್ತಿ ಹಾಡಿದ್ರು, ಇವ ಕೆಳಗ ನಿಂತು ನೋಡಿದ. ತಾಯಿ ಆದಾಕಿಗೆ ಆಸೆ ಇರ್ತೈತಿ, ಅದು ತಪ್ಪಲ್ಲ.

ಆದ್ರ ಇನ್ನೊಂದು ಹೇಳಬೇಕು. ಇವ ಬ್ಯಾಂಡಿನ್ಯಾಗ ತಾಳ ಬಾರಸ್ತಾನ, ಭಜನಿ ತಾಳ. ಒಂದ ಸಲ ಹೊಡೀತಾನ, ಆಮ್ಯಾಲ ಕಿವಿ ಹತ್ರ ತಗೊಂಡು ಆ ನಾದ ಪೂರಾ ಹೋಗೂತನಕ ಕೇಳ್ತಾನ. ಪೂರಾ ಅಂದ್ರ ಪೂರಾ, ನಮಗ ಕೇಳೂದು ನಿಂತ್ಮ್ಯಾಲೂ ಅವ ಕೇಳ್ತಿರ್ತಾನ. ಆಮ್ಯಾಲ ಬೆರಳು ಎತ್ತತಾನ, ಮುಗೀತು ಅಂತ. ಮನ್ಯಾಗ ಊಟದ ತಾಟು ಬಡದು ಇದನ್ನ ಮಾಡ್ತಿದ್ದ ಸಣ್ಣಾಂವ ಇದ್ದಾಗಿಂದ, ನಾ ಸಾಕು ಮಾಡೋ ಅಂತ ಬೈದು ಕಸಗೋತಿದ್ದೆ, 20 ವರ್ಷ ಕಸಗೊಂಡೀನಿ. ಗೋಡೌನ್ದಾಗ ಅವ ಬೆರಳು ಎತ್ತೂತನಕ ಹದಿನಾಲ್ಕು ಮಂದಿ ಉಸುರು ಹಿಡಿದು ಕೂಡ್ತಾರ. ನನ್ನ ಮಗನ ಸಲುವಾಗಿ ಯಾರೂ ಎಲ್ಲೂ ಕಾಯ್ದಿಲ್ಲ ಅಕ್ಕಾರ. ಸಾಲ್ಯಾಗ ಕಾಯ್ಲಿಲ್ಲ, ಬಸ್ಸಿನ್ಯಾಗ ಕಾಯೂದಿಲ್ಲ, ಅಂಗಡ್ಯಾಗ ಅವ ರೊಕ್ಕ ಎಣಿಸಿ ಕೊಡೂತನಕ ಕಾಯೂದಿಲ್ಲ, ನಾನೂ ಕಾಯ್ದಿಲ್ಲ.

ಅದಕ್ಕ ನನಗ ಎರಡೂ ಬೇಕು. ಅವನ ತಾಳನೂ ಬೇಕು, ಅವನ ಹಾಡೂ ಬೇಕು. ಅವನಿಗೆ ಹಾಡೂ ಆಸೆ ಐತಿ, ಅದನ್ನ ನಿಮ್ಮ ಪ್ರಯೋಗದ ಸಲುವಾಗಿ ಬ್ಯಾಡ ಅನಬ್ಯಾಡ್ರಿ.

ಧಾರವಾಡ_ಟು_ಹ್ಯಾಂಬರ್ಗ್

ಅವ್ವಾರ, ನಿಮ್ಮ ಮಾತು ಓದಿ ಮುಂದ ಬರಿಯಾಕ ಸ್ವಲ್ಪ ಹೊತ್ತು ಹಿಡೀತು.

ನಾ ಕೆಲಸಕ್ಕಂತ ಜರ್ಮನಿಗೆ ಬಂದು ಒಂಬತ್ತು ವರ್ಷ. ನಾ ಇರೂ ಹ್ಯಾಂಬರ್ಗ್ ಊರಿನ್ಯಾಗ ಸ್ಟೇಷನ್ 17 ಅಂತ ಒಂದು ಬ್ಯಾಂಡ್ ಐತಿ, 1989 ರಾಗ ಹುಟ್ಟಿದ್ದು. ಆಲ್ಸ್ಟರ್‌ಡೋರ್ಫ್ ಅನ್ನೂ ಕಡೆ ಅಂಗವಿಕಲರು ಇರೂ ದೊಡ್ಡ ಸಂಸ್ಥಾ ಐತಿ, ಅಲ್ಲಿನ 17 ನೇ ನಂಬರಿನ ಮನಿಗುಂಪಿನವ್ರು ಶುರು ಮಾಡಿದ್ರು, ಅದಕ್ಕ ಆ ಹೆಸರು. ಎಲೆಕ್ಟ್ರಾನಿಕ್, ರಾಕ್, ಬಾಯಿಗೆ ಬಂದ ಮಾತು ಎಲ್ಲಾ ಕೂಡಿಸಿ ಬಾರಸ್ತಾರ. ಮೂವತ್ತು ವರ್ಷದ ಮ್ಯಾಲಾತು, ಮಂದಿ ಬದಲಾಗ್ಯಾರ, ಬ್ಯಾಂಡ್ ನಿಂತಿಲ್ಲ.

ಜಪಾನಿನ ಕೋಬೆ ಊರಿನ್ಯಾಗ 2005 ರಾಗ ಓಟೋಅಸೋಬಿ ಅಂತ ಶುರುವಾತು, ಅದರ ಅರ್ಥನ ನಾದದ ಆಟ ಅಂತ. ಬುದ್ಧಿಮಾಂದ್ಯ ಇದ್ದ ಮಕ್ಕಳು, ಅಲ್ಲಿನ ದೊಡ್ಡ ದೊಡ್ಡ ಕಲಾವಿದ್ರು ಒಂದ ವೇದಿಕಿ ಮ್ಯಾಲ, ಓಟೊಮೊ ಯೋಶಿಹಿಡೆ ಅಂಥವ್ರು ಬಂದು ಆ ಹುಡುಗ್ರ ಜೋಡಿ ಕೂತು ಬಾರಿಸಿದ್ರು. ಅರ್ಜೆಂಟೀನಾದಾಗ ರೇನೋಲ್ಸ್ ಅಂತ ಇತ್ತು, 1993 ರಿಂದ, ಅದರ ಡ್ರಮ್ಮರ್‌ಗೆ ಡೌನ್ ಸಿಂಡ್ರೋಮ್, ಉಳಿದವ್ರು ಅವನ ಹಿಂದ ಹೋಗ್ತಿದ್ರು, ಅವ ಹೇಳಿದ್ದ ಬ್ಯಾಂಡಿನ ದಾರಿ. ಅವ್ರು ಮೊದಲ ತಂದ ಸೀಡಿ ಡಬ್ಬಿಯೊಳಗ ಸೀಡಿನ ಇದ್ದಿಲ್ಲ.

ಎಲ್ಲಾರಿಗೂ ಗೊತ್ತಾಗಿದ್ದು ಫಿನ್ಲೆಂಡಿನ ಪಂಕ್ ಬ್ಯಾಂಡ್, ಪೆರ್ಟಿ ಕುರಿಕನ್ ನಿಮಿಪೈವಾತ್. ಹೆಲ್ಸಿಂಕಿಯಾಗ ಅಂಗವಿಕಲರ ಕಾರ್ಯಾಗಾರದಾಗ 2009 ರಾಗ ಕೂಡಿದ ನಾಕು ಮಂದಿ, 2015 ರಾಗ ತಮ್ಮ ದೇಶದ ಪರವಾಗಿ ಯೂರೋವಿಷನ್ ಸ್ಪರ್ಧಾಕ್ಕ ವಿಯೆನ್ನಾಕ್ಕ ಹೋದ್ರು. ಅವ್ರ ಹಾಡು 1 ನಿಮಿಷ 27 ಸೆಕೆಂಡ್, ಆ ಸ್ಪರ್ಧಾದ ಇತಿಹಾಸದಾಗ ಅಷ್ಟು ಸಣ್ಣ ಹಾಡು ಮೊದಲ ಬಂದಿದ್ದಿಲ್ಲ. ಯಾವಾಗ್ಲೂ ನಾ ಇದು ಮಾಡಬೇಕು ಅದು ಮಾಡಬೇಕು ಅಂತ ಹೇಳಸ್ಕೊಂಡು ಬದುಕೂ ಸಿಟ್ಟು ಆ ಹಾಡು. ಫೈನಲ್‌ಗೆ ಹೋಗಲಿಲ್ಲ, ಆದ್ರ ಯಾರೂ ಅವ್ರನ್ನ ಪಾಪ ಅನ್ನಲಿಲ್ಲ, ಮಂದಿ ಜಗಳಾಡಿದ್ರು ಅವ್ರ ಹಾಡಿನ ಬಗ್ಗೆ, ಚಲೋ ಐತಿ, ಚಲೋ ಇಲ್ಲ ಅಂತ. ನನಗ ಅದ ದೊಡ್ಡದನಸ್ತೈತಿ.

ಇನ್ನೊಂದು, ಇದು ನಿಮಗ ಉಪಯೋಗ ಆಗ್ತೈತಿ. ಇಂಗ್ಲೆಂಡಿನ ಬ್ರೈಟನ್‌ದಾಗ ಹೆವಿ ಲೋಡ್ ಅನ್ನೂ ಬ್ಯಾಂಡ್ ನೋಡ್ತು, ತಮ್ಮ ಅಂಗವಿಕಲ ಅಭಿಮಾನಿಗಳು ರಾತ್ರಿ 9 ಆದ ಕೂಡ್ಲೆ ಎದ್ದು ಹೋಗ್ತಾರ. ಯಾಕಂದ್ರ ಅವ್ರನ್ನ ನೋಡ್ಕೊಳ್ಳೂ ಸಿಬ್ಬಂದಿ ಡ್ಯೂಟಿ 10 ಕ್ಕ ಮುಗೀತೈತಿ. ಅದಕ್ಕ ಆ ಬ್ಯಾಂಡಿನವ್ರು ಚಳವಳಿನ ಶುರು ಮಾಡಿದ್ರು, ರಾತ್ರಿ ತಡದು ಇರೂ ಹಕ್ಕಿನ ಸಲುವಾಗಿ. ಶಿಗ್ಗಾಂವಿ ಅವ್ವಾರ ಬಸ್ಸಿನ ಸುದ್ದಿ ಓದಿದಾಗ ಇದು ನೆನಪಾತು. ಬಸ್ಸಿನ ಟೈಮೂ ಸಂಗೀತದ ಭಾಗನ ಅಲ್ಲೇನ್ರಿ.

ಕೋರ್ಟ್_ಸರ್ಕಲ್

ನಾ ವಕೀಲಕಿ ಮಾಡ್ತೀನಿ ಧಾರವಾಡದಾಗ. 2016 ರ ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗ 21 ಬಗೆ ಅಂಗವಿಕಲತೆ ಗುರುತಿಸ್ಯಾರ, 1995 ರ ಹಳೇದ್ರಾಗ 7 ಇದ್ದವು. ಅದರ 29 ನೇ ಕಲಂ ಕಲಾ, ಸಂಸ್ಕೃತಿ, ಮನರಂಜನೆ ಬಗ್ಗೆನ ಐತಿ. ಇದನ್ನ ಓದಿ ಇಟ್ಕೊಂಡು ಮಾತಾಡ್ರಿ ಸಂಘಟಕರ ಜೋಡಿ. ಸಂಭಾವನಿ ಎಷ್ಟು, ರ‍್ಯಾಂಪ್ ಐತೇನು, ಫೋಟೋ ವಿಡಿಯೋ ಎಲ್ಲಿ ಹಾಕ್ತಾರ, ಮೂರೂ ಕಾಗದದ ಮ್ಯಾಲ ಬರಸ್ಕೋರಿ.

ಕೆರಿದಂಡಿ_ಉಣಕಲ್

ಸಂಭಾವನಿ ಅಂದ್ರಲ್ಲ, ಹೋದ ವರ್ಷದ್ದು ಹೇಳಿಬಿಡ್ತೀನಿ, ಹೊಟ್ಯಾಗ ಇಟ್ಕೊಂಡು ಸಾಕಾಗೇತಿ. ಯಾವ ಕಾರ್ಯಕ್ರಮ ಅಂತ ಹೇಳೂದಿಲ್ಲ.

ಮುಂಜಾನಿ 10 ಕ್ಕ ಬರ್ರಿ ಅಂದ್ರು, ಮಧ್ಯಾಹ್ನ 1:30 ಕ್ಕ ಮಂದಿ ಊಟಕ್ಕ ಎದ್ದಾಗ ಕರದ್ರು. ಸ್ಟೇಜಿಗೆ ಏಳು ಮೆಟ್ಟಲು, ರ‍್ಯಾಂಪ್ ಇಲ್ಲ. ನಾಕು ಮಂದಿ ಬಂದು ಆ ಹುಡುಗನ್ನ ಕೇಳದ ಮಾಡದ ಕುರ್ಚಿ ಸಮೇತ ಎತ್ತಿದ್ರು, ಅಂಜಿಕಿಗೆ ಅವನ ಮೈಯೆಲ್ಲಾ ಬಿಗೀತು, ಆಮ್ಯಾಲ ಹತ್ತು ನಿಮಿಷ ಬಡಿಗಿ ಹಿಡಿಯಾಕ ಆಗಲಿಲ್ಲ. ನಿರೂಪಕರು "ಈ ದೇವರ ಮಕ್ಕಳಿಗೆ ಜೋರಾಗಿ ಚಪ್ಪಾಳೆ" ಅಂದ್ರು, ಇನ್ನೂ ಒಂದು ಪೆಟ್ಟೂ ಬಿದ್ದಿದ್ದಿಲ್ಲ. ಅವ ಉಸುರು ಎಳ್ಕೋಳಾಕ ಹತ್ತಿದ್ದ, ಅಕ್ಕಾರು ಸುರ ಹಿಡಿದಿದ್ರು, ಅಷ್ಟ್ರಾಗ ಯಾರೋ ಏನೋ ಕೆಟ್ಟೈತಿ ಅಂತ ತಿಳಿದು ಮೈಕ್ ಬಂದ್ ಮಾಡಿದ್ರು. ಪೆಟ್ಟು ಬಿತ್ತು, ಯಾರಿಗೂ ಕೇಳಲಿಲ್ಲ. ಶಾಲು ಹೊದಿಸಿ ತಲಿಗೊಂದು ಟಿಫಿನ್ ಡಬ್ಬಿ ಕೊಟ್ರು. ನಮಗಿಂತ ಮೊದಲ ಹಾಡಿದವ್ರಿಗೆ ಲಕೋಟಿ ಕೊಟ್ಟದ್ದು ನಾ ನೋಡೀನಿ.

ಅದಕ್ಕ ಈ ಸಲ ಇಷ್ಟು ಚಿಂತಿ ಮಾಡಾಕ ಹತ್ತೀನಿ.

ಗದಗ_ತಬಲಾ

ನಿನ್ನೆ ಶನಿವಾರ ಹೋಗಿದ್ದೆ. ಗದಗದಿಂದ ರೈಲಿಗೆ ಬಂದೆ. ಅನಸಿದ್ದು ಬರೀತೀನಿ.

ಮೊದಲ ಒಂದು ತಾಸು ನನಗ ಏನೂ ತಿಳೀಲಿಲ್ಲ. ಕೈ ತಾನ ತೊಡಿ ಮ್ಯಾಲ ತಾಳದ ಮಾತ್ರೆ ಎಣಸ್ತಿತ್ತು, ಪ್ರತಿ ಸಲ ತಪ್ಪತಿತ್ತು. ಆಮ್ಯಾಲ ನಾ ಎಣಿಸೂದು ಬಿಟ್ಟು ಹುಡುಗನ ಹೆಗಲು ನೋಡಾಕ ಹತ್ತಿದೆ. ವಿಲಂಬಿತದಾಗ (ಸಾವಕಾಶ ಲಯದಾಗ) ಸಮ್, ಅಂದ್ರ ತಾಳದ ಮೊದಲ ಪೆಟ್ಟು, ಬರೂಕಿಂತ ಮೊದಲ ಮೈಯಾಗ ಒಂದು ಎಳತ ಬರ್ತೈತಲ್ಲ, ಬಾರಿಸಿದವ್ರಿಗೆ ಗೊತ್ತಿರ್ತೈತಿ, ಅದ ಎಳತ. ಅದು ಯಾವಾಗ ಬೀಳ್ತೈತಿ ಅನ್ನೂದು ಗೊತ್ತಿಲ್ಲ ಅಂದ್ರ ಎಳತ ಇನ್ನೂ ಜಾಸ್ತಿ. ಬಿದ್ದಾಗ ನನ್ನ ಬಾಯಿಂದ "ಆಹಾ" ಬಂತು. ಮೂವತ್ತು ವರ್ಷ ಸಾಥ್ ಕೊಟ್ಟೀನಿ, ಅಷ್ಟು ಕಾಯ್ದು ಸಮ್‌ಗೆ ಬಂದಿದ್ದಿಲ್ಲ.

ಆದ್ರ ಎರಡು ತಕರಾರು ಅದಾವು, ಅವನ್ನ ಹೇಳದ ಬಿಟ್ರ ನನ್ನ ಮನಸ್ಸಿಗೆ ಸಮಾಧಾನ ಆಗೂದಿಲ್ಲ.

ಗದ್ದಲದ ಬ್ಯಾಂಡಿನ್ಯಾಗ ಗಿಟಾರ್ ಹುಡುಗ್ರು ಸ್ಟೇಷನ್ ತಮ್ಮನ ದನಿ ಮುಚ್ತಾರ. ಅವನ ಮಾತು ತುಣುಕು ಮಾಡಿ ತಮಗ ಬೇಕಾದಲ್ಲಿ ಹಾಕ್ಕೋತಾರ, ಅವನನ್ನ ಕೇಳೂದಿಲ್ಲ. ಒಮ್ಮೆ ಅವ ಕಿವಿ ಮುಚ್ಕೊಂಡು "ಗಾಡಿ ರದ್ದಾಗಿದೆ" ಅಂದ. ಎಲ್ಲಾರೂ ಅದೂ ಹಾಡಿನ ಭಾಗ ಅಂತ ಬಾರಿಸ್ಕೋತನ ಹೋದ್ರು. ನನಗೇನೋ ಅವ ನಿಲ್ಲಸ್ರಿ ಅಂದಂಗ ಕೇಳ್ತು. ಅದು ಅವನ ಸಂಗೀತ ಅಂದ್ರ ಲೂಪ್ ಮಾಡೂ ಬಟನ್ ಅವನ ಕೈಯಾಗ ಇರಬೇಕು. ಇಲ್ಲಂದ್ರ ಪ್ರಯೋಗ ಅನ್ನೂದು ಗಿಟಾರಿನವ್ರದು, ಹುಡುಗ ಬರೇ ಸಾಮಾನು ಆಗ್ತಾನ.

ಎರಡನೇದು, ಅಕ್ಕಾರು ಭಜನಿ ಬಿಟ್ಟು ಮುಂದ ಕಲೀಬೇಕು ಅಂತಾರ, ಯಮನ್ ರಾಗ ಕಲಸ್ರಿ ಅಂತ ನನ್ನನ್ನ ಕೇಳಿದ್ರು. ಅವ್ರಿಗೆ ತಾಲೀಮು ಬೇಕು. ನನಗ ಗೊತ್ತಿದ್ದ ಗವಾಯಿಗಳೊಬ್ರು ಅದಾರ ಹುಬ್ಬಳ್ಳ್ಯಾಗ, ಹೇಳೀನಿ.

ಕೆರಿದಂಡಿ_ಉಣಕಲ್

ಸರ್, ಮೊದಲ ತಕರಾರು ಪೂರಾ ಒಪ್ಕೊಂಡೆ. ಅದ ದಿನ ಸಂಜೀಕ ಸ್ಟೇಷನ್ ತಮ್ಮನ ಅವ್ವನ್ನ ಕೇಳಿದೆ, ಮನ್ಯಾಗೂ ಸಾಕನಿಸಿದಾಗ ಅವ "ಗಾಡಿ ರದ್ದಾಗಿದೆ" ಅನ್ನೂದಂತ. ಎರಡು ವರ್ಷ ನಾವು ಒಮ್ಮೆಯೂ ಕೇಳಿದ್ದಿಲ್ಲ. ಈಗ ಆ ಮಾತು ಸನ್ನಿಗಳ ಸಾಲಿಗೆ ಸೇರೇತಿ, ಅದು ಬಂದ್ರ ಬಲ್ಬ್ ಆರತೈತಿ, ಎಲ್ಲಾರೂ ನಿಲ್ಲಸ್ತೀವಿ. ಲೂಪ್ ಮಾಡೂ ಮೊಬೈಲ್ ಅವನ ತೊಡಿ ಮ್ಯಾಲ ಐತಿ, ಸೌಂಡ್ ಸರ್ವಿಸ್ ಅಣ್ಣಾರು ದೊಡ್ಡ ಕೆಂಪು ಬಟನ್ ಮಾಡಿಕೊಡ್ತೀನಿ ಅಂದಾರ. ಗಿಟಾರ್ ಹುಡುಗ್ರಿಗೆ ಸ್ವಲ್ಪ ಬೇಜಾರಾಗೇತಿ, ಈ ಶನಿವಾರ ಒಬ್ಬನ ಬಂದಿದ್ದ.

ಕಾರ್ಯಕ್ರಮದವ್ರಿಗೆ ಫೋನ್ ಹಚ್ಚಿ ಮಾತಾಡಿದೆ. ಐದು ನಿಮಿಷ ಆಗೂದಿಲ್ಲ, 15 ಬೇಕು ಅಂದೆ, 12 ಕ್ಕ ಒಪ್ಪಿದ್ರು. ಸ್ಟೇಜ್ ಮ್ಯಾಲಲ್ಲ, ಕೆಳಗ ನೆಲದ ಮ್ಯಾಲ ಬಾರಸ್ತೀವಿ, ಮಂದಿ ಸುತ್ತ ಕೂಡಲಿ. ಲಕೋಟಿ ಎಲ್ಲಾರಿಗೂ ಸರಿಸಮ ಇರಬೇಕು, ಅದನ್ನ ಕಾಗದದ ಮ್ಯಾಲ ಬರಸ್ಕೊಂಡೀನಿ. ನಿರೂಪಕರು ಬರೇ ಹೆಸರು ಹೇಳಬೇಕು, ವಾದ್ಯ ಹೇಳಬೇಕು, ಮತ್ತೇನೂ ಬ್ಯಾಡ. ಟೈಮ್ ಸಂಜಿ 4 ಕ್ಕ ಇಟ್ಟಾರ, ಶಿಗ್ಗಾಂವಿ ಬಸ್ಸಿಗೆ ಹೊಂದೂ ಹಂಗ.

ಅವ್ವಾರ, ನಿಮ್ಮ ಮಗನ್ನ ಕೇಳಿದೆ ಯಾವ ಹಾಡು ಹಾಡ್ತಿ ಅಂತ. ಮೂರು ಹಾಡು ಹೇಳ್ಯಾನ. ಮೂರರದೂ ಒಂದೊಂದು ಸಾಲು ಹಾಡ್ತಾನಂತ, ಪ್ರತಿ ಸಾಲಿನ ನಡುವ ಒಮ್ಮೆ ತಾಳ ಹೊಡೆದು ನಾದ ಹೋಗೂತನಕ ಕೇಳ್ತಾನಂತ. ನಾವೆಲ್ಲಾ ಕಾಯ್ತೀವಿ.

ಈಗ ಒಂದು ಸಹಾಯ ಬೇಕು. ಜಗ್ಗಲಿಗಿ ಚರ್ಮ ಒಂದು ಕಡೆ ಸೀಳೇತಿ, ಬಳಿನೂ ಸೊಟ್ಟಾಗೇತಿ. ಹಳೇ ಚಕ್ಕಡಿ ಗಾಲಿ ಯಾರ ಕಡೆ ಐತಿ? ಬ್ಯಾಹಟ್ಟಿ ಕಡೆ ಚರ್ಮ ಬಿಗಿಯೂ ಅಜ್ಜಾರು ಯಾರರ ಗೊತ್ತಿದ್ರ ಹೇಳ್ರಿ. ಗಾಲಿಕುರ್ಚಿ ಮ್ಯಾಲ ಕೂತಾಗ ಎದಿ ಮಟ್ಟಕ್ಕ ಬರಬೇಕು, ಭಾಳ ದೊಡ್ಡದು ಬ್ಯಾಡ.

ಶಿಗ್ಗಾಂವಿ_ಅವ್ವ

ನಮ್ಮ ಹಿತ್ತಲದಾಗ ಮಾವನವ್ರ ಕಾಲದ ಚಕ್ಕಡಿ ಮುರಿದು ಬಿದ್ದೈತಿ, ಒಂದು ಗಾಲಿ ಗಟ್ಟಿ ಐತಿ. ದೊಡ್ಡದಾತೇನೋ, ಅಳತಿ ನೋಡಿ ಹೇಳ್ತೀನಿ. ಬಸ್ಸಿನ್ಯಾಗ ತರಾಕ ಬಿಡೂದಿಲ್ಲ.

ಸೌಂಡ್_ಸರ್ವಿಸ್_ಹುಬ್ಬಳ್ಳಿ

ಅವ್ವಾರ, ಗುರುವಾರ ಬಂಕಾಪುರದಾಗ ಮದ್ವಿ ಸೌಂಡ್ ಐತಿ ನಂದು, ಗಾಡಿ ಖಾಲಿ ವಾಪಸ್ ಬರ್ತೈತಿ. ದಾರ್ಯಾಗ ನಿಮ್ಮ ಮನಿ ಮುಂದ ನಿಲ್ಲಸ್ತೀನಿ.